ಮುನಿಯಪ್ಪನ ಕಲ್ಲುಗಳು

ಹೊಸದಾಗಿ ಖಾಕಿ ತೊಟ್ಟು ಕಾಡಿಗೆ ಬಂದಿರುವ ಹುಡುಗ ಹುಡುಗಿಯರೇ, ತರಬೇತಿಯಲ್ಲಿ ನಿಮಗೆ ಮರ ಗುರುತಿಸುವುದನ್ನು ಹೇಳಿಕೊಟ್ಟಿರುತ್ತಾರೆ. ಹೆಜ್ಜೆ, ಲದ್ದಿ, ಹಿಕ್ಕೆ ಎಲ್ಲ ಹೇಳಿಕೊಟ್ಟಿರುತ್ತಾರೆ. ಕಲ್ಲು ಓದುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಯಾಕೆಂದರೆ ಅದು ಚೆನ್ನಾಗಿ ಬರುತ್ತಿದ್ದವನು ಈ ಭಾಗದಲ್ಲಿ ಒಬ್ಬನೇ ಇದ್ದ. ಅವನು ಈಗ ನಿವೃತ್ತನಾಗಿ ಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾನೆ. ಅದನ್ನೂ ನೆಟ್ಟಗೆ ಸುಲಿಯುವುದಿಲ್ಲ ಎಂದು ಅವನ ಹೆಂಡತಿಯ ದೂರು. ಅವಳ ಮಾತನ್ನು ನೀವು ನಂಬಬೇಡಿ, ನನ್ನ ಮಾತು ಕೇಳಿ.

ನಾನು ಗಾರ್ಡಾಗಿದ್ದದ್ದು ಮಾಕಳಿದುರ್ಗದ ಬೆನ್ನಿಗಿರುವ ಗುಡ್ಡಗಳಲ್ಲಿ. ಕಾಡು ಅಂದರೆ ನೀವು ಸಿನಿಮಾದಲ್ಲಿ ನೋಡುವ ಕಾಡಲ್ಲ. ಬಂಡೆ, ಜಾಲಿ, ಕಗ್ಗಲಿ, ಬಂದರೆ ಗಿಡ, ಮೊಣಕಾಲು ಕೀಳುವ ಕಾರೆಮುಳ್ಳು, ಅಲ್ಲಲ್ಲಿ ಸೀತಾಫಲ. ಈ ಕಾಡಿನ ಅಂಚಿನುದ್ದಕ್ಕೂ ಸೊಂಟದೆತ್ತರಕ್ಕೆ ಕಲ್ಲು ಒಟ್ಟಿ, ಸುಣ್ಣ ಬಳಿದು, ಕರಿಬಣ್ಣದಲ್ಲಿ ನಂಬರು ಬರೆದಿರುತ್ತಾರೆ. ಅದಕ್ಕೆ ಗಡಿಗುಪ್ಪೆ ಅನ್ನುತ್ತಿದ್ದೆವು. ಗುಪ್ಪೆಯ ಈ ಕಡೆ ಸರ್ಕಾರದ ಕಾಡು, ಆ ಕಡೆ ಊರವರ ಹೊಲ. ಮಳೆಗಾಲ ಮುಗಿದ ಮೇಲೆ ಸುಣ್ಣದ ಬಕೆಟ್ಟು ಹಿಡಿದು ಗಡಿ ಸುತ್ತಬೇಕು, ಬಿದ್ದ ಗುಪ್ಪೆ ಎತ್ತಿ ಕಟ್ಟಬೇಕು, ಮಾಸಿದ್ದಕ್ಕೆ ಸುಣ್ಣ ಹೊಡೆಯಬೇಕು. ಕೇಳಿದರೆ ಎಮ್ಮೆ ಕಾಯುವವನೂ ಮಾಡಬಹುದಾದ ಕೆಲಸ. ಆದರೆ ಕಾಡಿನಲ್ಲಿ ಕಲ್ಲು ಒಟ್ಟುವುದು ಸರ್ಕಾರ ಒಂದೇ ಅಲ್ಲ, ತಕರಾರು ಇರುವುದು ಅಲ್ಲಿ.

ಮೊದಲ ವರ್ಷವೇ ನಾನು ಎಡವಿದೆ. ಕಾಲುದಾರಿಯ ಪಕ್ಕ ಅಚ್ಚುಕಟ್ಟಾದ ಒಂದು ಗುಪ್ಪೆ ಕಂಡಿತು. ಸುಣ್ಣ ಪೂರಾ ಅಳಿಸಿಹೋಗಿದೆ ಪಾಪ ಅಂದುಕೊಂಡು ದಪ್ಪಗೆ ಬಳಿದೆ. ನಂಬರು ಹಾಕುವ ಹೊತ್ತಿಗೆ ಸೌದೆ ಹೊರೆ ಹೊತ್ತ ಒಬ್ಬ ಅಜ್ಜಿ ಬಂದು, ಹೊರೆಯನ್ನು ಧೊಪ್ಪನೆ ಎಸೆದು ನಿಂತಳು.

"ಅಯ್ಯೋ ನಿನ್ ಕೈಗೆ ಹಾವ್ ಕಚ್ಚ! ಏನ್ ಮಾಡ್ತಿದ್ದೀಯಲಾ ಅದುಕ್ಕೆ?"

"ಸುಣ್ಣ ಅಜ್ಜಿ. ಗೌರ್ಮೆಂಟ್ ಗುಪ್ಪೆ."

"ಗೌರ್ಮೆಂಟ್ ನಿನ್ ತಲೆ! ದಾರೀಲಿ ಬಿದ್ ಸತ್ತೋಳ ಜಾಗ ಅದು. ಬಂದೋರು ಹೋದೋರು ಒಂದ್ ಕಲ್ಲು ಒಂದ್ ಸೊಪ್ಪು ಹಾಕಿ ಹೋಗ್ತೀವಿ. ನಮ್ಮತ್ತೆ ಕಾಲ್ದಿಂದ್ಲೂ ಹಾಕ್ತಿದ್ದೀವಿ. ನೀನು ನಂಬರ್ ಹಾಕಕ್ ಬಂದ್ಬುಟ್ಯಾ ಸತ್ತೋಳಿಗೆ?"

ಹಳ್ಳದಿಂದ ನೀರು ತರಿಸಿ, ನನ್ನ ಕೈಯಲ್ಲೇ ತೊಳೆಸಿದಳು. ಸುಣ್ಣ ಬಳಿಯುವುದು ಸುಲಭ, ತೊಳೆಯುವುದು ಎಷ್ಟು ಕಷ್ಟ ಎಂದು ಆವತ್ತು ಗೊತ್ತಾಯಿತು. ಅಲ್ಲಿಂದಾಚೆ ಯಾವ ಗುಪ್ಪೆಗೂ ಬ್ರಷ್ಷು ಮುಟ್ಟಿಸುವ ಮುಂಚೆ ಮೇಲಿನ ಕಲ್ಲೆತ್ತಿ, ಕೆಳಗೆ ಒಣಗಿದ ಸೊಪ್ಪಿದೆಯೇ ಎಂದು ನೋಡುತ್ತಿದ್ದೆ. ನೀವೂ ನೋಡಿ.

ಹೀಗೇ ಒಂದೊಂದಾಗಿ ಕಲಿತೆ. ಒಂದರ ಮೇಲೊಂದು ನಾಜೂಕಾಗಿ ನಿಲ್ಲಿಸಿ, ತುದಿಯಲ್ಲಿ ನಿಂಬೆಹಣ್ಣಿನಷ್ಟು ಕಲ್ಲಿಟ್ಟಿದ್ದರೆ ಅದು ಶನಿವಾರ ಭಾನುವಾರ ಬೆಂಗಳೂರಿನಿಂದ ಗುಡ್ಡ ಹತ್ತಲು ಬರುವವರದ್ದು. ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಮುಂದಿನ ಗಾಳಿಗೆ ಬೀಳುತ್ತದೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ್ದರೆ ಅದಕ್ಕೆ ಊರವರು ಪಾಂಡವರ ಮನೆ ಅನ್ನುತ್ತಾರೆ. ಯಾವ ಕಾಲದ ಸಮಾಧಿಯೋ ಏನೋ, ಅದರೊಳಗೆ ಕೈ ಹಾಕಬೇಡಿ. ಪಾಂಡವರು ಹೋಗಿದ್ದಾರೆ, ಚೇಳುಗಳು ಇವೆ.

ಇನ್ನು ಕುರಿಗಾಹಿಗಳ ಕಲ್ಲು. ಅದರ ಕಥೆ ಹೇಳಬೇಕಾದರೆ ಮುನಿಯಪ್ಪನ ಕಥೆ ಹೇಳಬೇಕು. ನಿಜ ಹೇಳುತ್ತೇನೆ, ಇಷ್ಟೆಲ್ಲ ಬರೆಯಲು ಕೂತದ್ದೇ ಅವನಿಗಾಗಿ.

ಮುನಿಯಪ್ಪ ಗುಡ್ಡದ ಕೆಳಗಿನ ಊರಿನವನು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವನು. ಹೆಗಲಲ್ಲಿ ಕಂಬಳಿ, ಕೈಯಲ್ಲಿ ಸೊಪ್ಪು ಕೀಳುವ ದೋಟಿ, ಬಾಯಲ್ಲಿ ಬೀಡಿ. ಕಾಡಿನ ನಡುವೆ ಬೇಸಿಗೆಯಲ್ಲೂ ಬತ್ತದ ಒಂದು ದೊಣೆಯಿತ್ತು. ಬಂಡೆಯ ಹೊಂಡದಲ್ಲಿ ನಿಂತ ನೀರು. ಅಲ್ಲಿಗೆ ಕುರಿ ನುಗ್ಗಿಸುವುದು ಅವನ ಕೆಲಸ, ಹೊರಗಟ್ಟುವುದು ನನ್ನ ಕೆಲಸ.

ಗುಡ್ಡದ ಮೂಗಿನ ಮೇಲೆ ಒಂದು ಕಲ್ಲು ನಿಂತಿತ್ತು. ತಲೆ, ಕತ್ತು, ಹೆಗಲು, ಥೇಟ್ ಮನುಷ್ಯನೇ. ನನಗೊಂದು ಉಪಾಯ ಹೊಳೆಯಿತು. ಹಳೇ ಯೂನಿಫಾರಂ ಅಂಗಿ, ಟೋಪಿ ತಂದು ಆ ಕಲ್ಲಿಗೆ ತೊಡಿಸಿದೆ. ಕೆಳಗಿನಿಂದ ನೋಡಿದವರಿಗೆ ಗಾರ್ಡು ಹಗಲೆಲ್ಲ ಬಿಸಿಲಲ್ಲಿ ನಿಂತು ಕಾಯುತ್ತಿದ್ದಾನೆ. ಅಸಲಿ ಗಾರ್ಡು ಹುಣಸೆಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದಾನೆ. ಒಂದೂ ಕುರಿ ಹತ್ತಲಿಲ್ಲ. ಜೀಪಿನಲ್ಲಿ ಹೋಗುತ್ತಿದ್ದ ದೊಡ್ಡ ಸಾಹೇಬರೊಬ್ಬರು, "ಆ ಗಾರ್ಡ್ ನೋಡ್ರಿ, ಯಾವಾಗ ನೋಡಿದರೂ ನಿಂತೇ ಇರ್ತಾನೆ" ಎಂದು ಹೊಗಳಿದರಂತೆ. ಕಲ್ಲಿಗೆ ಸಿಕ್ಕ ಶಹಬ್ಬಾಸ್‌ಗಿರಿಯನ್ನು ನಾನು ಇಟ್ಟುಕೊಂಡೆ.

ಒಂದು ಮಧ್ಯಾಹ್ನ ನಿದ್ದೆ ತಿಳಿದು ನೋಡುತ್ತೇನೆ, ಕಲ್ಲಿನ ಕತ್ತಿಗೆ ಎಕ್ಕದ ಹೂವಿನ ಹಾರ ಬಿದ್ದಿದೆ. ಬಾಯಿರಬೇಕಾದ ಬಿರುಕಿನಲ್ಲಿ ಬೀಡಿ ಉರಿಯುತ್ತಿದೆ. ಸುತ್ತ ಕಾಲಿಡಲು ಜಾಗವಿಲ್ಲದಂತೆ ಕುರಿಹಿಕ್ಕೆ. ಇಡೀ ಮಂದೆಯನ್ನು ತಂದು ಪ್ರದಕ್ಷಿಣೆ ಹಾಕಿಸಿದ್ದಾನೆ! ಎದುರು ಗುಡ್ಡದಿಂದ ಕೂಗು ಬಂತು.

"ಗಾರ್ಡಪ್ಪೋ! ನಿಮ್ಮಣ್ಣ ಬೀಡಿ ಕೇಳ್ದ, ಕೊಟ್ಟಿವ್ನಿ ಕಣಪ್ಪೋ! ನಿದ್ದೆ ಮಾಡು ನೀನು, ಎದ್ದೇಳ್ಬ್ಯಾಡ!"

ಅಲ್ಲಿಂದ ನಮ್ಮಿಬ್ಬರ ಆಟ ಶುರುವಾಯಿತು.

ಎಷ್ಟು ಗುಟ್ಟಾಗಿ ಹೋದರೂ ನಾನು ತಲುಪುವ ಮುಂಚೆ ಮಂದೆ ಮಾಯವಾಗಿರುತ್ತಿತ್ತು. ಹೇಗೆ ಎಂದು ಬಹಳ ದಿನ ತಲೆ ಕೆರೆದುಕೊಂಡೆ. ಕೊನೆಗೆ ಕವಲುದಾರಿಗಳಲ್ಲಿ ಕಣ್ಣಿಟ್ಟೆ. ಪ್ರತಿ ಕವಲಿನಲ್ಲೂ ಒಂದು ಚಪ್ಪಟೆ ಕಲ್ಲು, ಅದರ ಬಳಿ ಒಂದು ಗುಂಡುಕಲ್ಲು. ಇಂದು ಗುಂಡುಕಲ್ಲು ಮೇಲಿದ್ದರೆ ನಾಳೆ ಪಕ್ಕದಲ್ಲಿ. ಮಳೆಗೆ ಉರುಳಿದ್ದಲ್ಲ, ಯಾರೋ ಇಟ್ಟದ್ದು. ನಾನು ಮೇಲೆ ಹೋದ ದಿನ ಮೇಲಿರುತ್ತದೆ, ಕೆರೆ ಕಡೆ ಹೋದ ದಿನ ಕೆರೆ ಕಡೆಯ ಪಕ್ಕದಲ್ಲಿರುತ್ತದೆ, ಊಟಕ್ಕೆ ಮನೆಗೆ ಹೋದರೆ ಚಪ್ಪಟೆ ಕಲ್ಲು ಬೋರಲು ಬಿದ್ದಿರುತ್ತದೆ. ಅಲ್ಲಯ್ಯಾ, ಇಡೀ ಗುಡ್ಡದ ತುಂಬ ನನ್ನದೇ ಸುದ್ದಿ ಬರೆದಿದ್ದಾರೆ! ಮಂತ್ರಿ ಬಂದರೂ ಇಷ್ಟು ವಿಚಾರಿಸುವುದಿಲ್ಲ.

ಓದಲು ಬಂದ ಮೇಲೆ ನಾನೂ ಬರೆಯಲು ಶುರುಮಾಡಿದೆ. ಮನೆಗೆ ಹೋದ ಎಂದು ಕಲ್ಲು ಬೋರಲು ಹಾಕಿ ದೊಣೆಯ ಹಿಂದೆ ಅಡಗಿ ಕೂತೆ. ಮುನಿಯಪ್ಪ ಸಿಕ್ಕಿಬಿದ್ದ. ಮುಂದಿನ ವಾರ ಅವನು ಗುರುತು ತಿರುವುಮುರುವು ಮಾಡಿ ನನ್ನನ್ನು ಗುಡ್ಡದ ಆಚೆ ಕಡೆಗೆ ನಡೆಸಿದ. ನಾನು ಅದನ್ನೂ ಬಿಡಿಸಿದೆ. ಹೀಗೆ ವರ್ಷಗಟ್ಟಲೆ ನಡೆಯಿತು. ಮುಖ ನೋಡಿದ್ದು ಕಡಿಮೆ, ಕಲ್ಲಿನಲ್ಲಿ ಮಾತಾಡಿದ್ದೇ ಹೆಚ್ಚು. ಒಮ್ಮೆ ಮಾತ್ರ ಒಂದು ಗುರುತು ಎಷ್ಟು ನೋಡಿದರೂ ಬಿಡಿಸಲಾಗಲಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಒಂದು ಉದ್ದನೆ ಕಲ್ಲನ್ನು ಮಲಗಿಸಿದ್ದ. ಸಂತೆಯಲ್ಲಿ ಸಿಕ್ಕಾಗ ತಡೆಯಲಾರದೆ ಕೇಳಿದೆ.

"ಲೇ ಮುನಿಯಾ, ಆ ಉದ್ದುನ್ ಕಲ್ಲು ಏನ್ಲಾ?"

"ಅದಾ? ನಿನ್ ಹೆಂಡ್ತಿ ತೌರಿಗ್ ಹೋಗವ್ಳೆ, ಇವತ್ತು ಗಾರ್ಡಪ್ಪ ಬೇಗ ಮನೆಗ್ ಹೋಗಲ್ಲ, ಹುಷಾರು ಅಂತ."

ನನ್ನ ಹೆಂಡತಿ ತವರಿಗೆ ಹೋದದ್ದು ನನ್ನ ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಕೈಗೆ ಜಿಪಿಎಸ್ ಬಂತು. ಗುಪ್ಪೆ ಎಲ್ಲಿದೆ ಎಂದು ಆಕಾಶದಿಂದಲೇ ಹೇಳುವ ಯಂತ್ರ. ಒಳ್ಳೆಯದೇ, ದೂರುವುದಿಲ್ಲ. ಮುಳ್ಳಿನಲ್ಲಿ ಹುದುಗಿದ್ದ ಎಷ್ಟೋ ಗುಪ್ಪೆಗಳನ್ನು ಅದೇ ಹುಡುಕಿಕೊಟ್ಟಿತು. ಅದೇ ಹೊತ್ತಿಗೆ ಉತ್ತರ ಕರ್ನಾಟಕದ ಕಡೆಯ ರೇಂಜರ್ ಸಾಹೇಬರೊಬ್ಬರು ಬಂದರು. ಕಡಿಮೆ ಮಾತು, ಬಿರುಸು ನಡಿಗೆ. ಚಾರಣದವರು ಒಟ್ಟುವ ಕಲ್ಲುಗಳಿಂದ ಗಡಿ ಗೊಂದಲವಾಗುತ್ತಿದೆ ಎಂದು ಒಂದು ಆಜ್ಞೆ ಹೊರಡಿಸಿದರು. ಕಾಡಿನೊಳಗೆ ಹೊಸದಾಗಿ ಎದ್ದ ಗುಪ್ಪೆಗಳನ್ನೆಲ್ಲ ಕೆಡವಬೇಕು. ಹಳೆಯದನ್ನು ಮುಟ್ಟಬಾರದು. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವವನು ನಾನು.

ಆ ತಿರುಗಾಟದಲ್ಲೇ ದೊಣೆಯ ಮೇಲಿನ ಬಂಡೆಯಲ್ಲಿ ಅದು ಕಣ್ಣಿಗೆ ಬಿತ್ತು. ಒಂದು ಕಲ್ಲುಗುಪ್ಪೆ, ಅದರ ನೆತ್ತಿಯಲ್ಲಿ ಮಲಗಿದ ಟಗರಿನಂಥ ಒಂದು ಕಲ್ಲು. ಉಳಿ ಮುಟ್ಟಿಸಿದ್ದಲ್ಲ. ಹುಟ್ಟಿದ್ದೇ ಹಾಗೆ. ಸುರುಳಿ ಕೊಂಬು, ತಗ್ಗಿಸಿದ ಮೂತಿ, ಉಬ್ಬಿದ ಬೆನ್ನು.

"ನೀ ಕಲ್ಲ್ ಓದಾಂವ ಅಂತಾರಲ್ಲ, ಓದಿ ಹೇಳು," ಅಂದರು ಸಾಹೇಬರು.

ಮಂಡಿಯೂರಿ ಕೂತು ಓದಿದೆ. ಮೈಮೇಲೆ ಕಲ್ಲುಹೂವು ದಪ್ಪಗೆ ಬೆಳೆದಿತ್ತು. ಆದರೆ ಬಿಸಿಲಿಗೆ ಸುಟ್ಟು ಅಂಚು ಸುರುಟಿತ್ತು. ಅಂದರೆ ನೆರಳಲ್ಲಿ ಬೆಳೆದ ಕಲ್ಲು ಈಚೆಗೆ ಬಿಸಿಲಿಗೆ ಬಂದಿದೆ. ಬುಡದಲ್ಲಿ ಒಂದು ಗೇಣು ಕೆಮ್ಮಣ್ಣಿನ ಕಲೆ. ಈ ಗುಡ್ಡದಲ್ಲಿರುವುದು ಬಿಳಿ ಗರಸು ಮಣ್ಣು. ಅಂದರೆ ಕೆಳಗೆ ಹೊಲದ ಮಣ್ಣಿನಲ್ಲಿ ಹೂತಿದ್ದ ಕಲ್ಲು. ಕೊಂಬಿನ ಸುರುಳಿಯೊಳಗೆ ಬೆರಳಾಡಿಸಿ ಮೂಸಿದೆ. ಎಷ್ಟೋ ತಲೆಮಾರಿನ ಎಣ್ಣೆಜಿಡ್ಡು. ಪೂಜೆಯ ಕಲ್ಲು. ಗುಪ್ಪೆಯ ಪಕ್ಕದಲ್ಲಿ ಬೀಡಿ ತುಂಡು ಬಿದ್ದಿತ್ತು. ಅದನ್ನು ಓದಲು ವಿದ್ಯೆ ಬೇಕಿರಲಿಲ್ಲ.

"ಕಲ್ಲು ಬಾಳ ಹಳೇದು ಸಾರ್. ಗುಪ್ಪೆ ಹೋದ ಮಳೆಗಾಲದ್ದು. ಎಲ್ಲಿಂದಲೋ ತಂದು ಇಟ್ಟವ್ರೆ."

"ಹಂಗಾರ ತಗಸು. ದೇವ್ರ ಇರ್ಬೋದು, ನಂಗೇನೂ ಸಿಟ್ಟಿಲ್ಲ. ಒಂದಕ್ಕ ಬಿಟ್ರ ನಾಳೆ ಹತ್ತು ಬಂದ್ ಕುಂದರ್ತಾವ. ಗಡಿ ನೋಡಾಕ ಮುಂದಿನ ವಾರ ಬರ್ತೀನಿ, ಅಷ್ಟರಾಗ ಹೊರಗ ಹೋಗಿರ್ಬೇಕು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆವತ್ತು ಸಂಜೆ ನಾನು ಸೀದಾ ಮುನಿಯಪ್ಪನ ಮನೆಗೆ ಹೋದೆ. ಜಗುಲಿಯಲ್ಲಿ ಕೂತು ಕಂಬಳಿ ಹೊಲಿಯುತ್ತಿದ್ದವನು ತಲೆಯೆತ್ತಲಿಲ್ಲ.

"ಬಾ ಗಾರ್ಡಪ್ಪ. ಕಲ್ಲು ಓದಿದ್ಯಾ?"

"ಓದ್ದೆ. ಯಾವಾಗ್ ಹೊತ್ಕೊಂಡ್ ಹೋದ್ಯೋ ಅದನ್ನ, ನನ್ ಕಣ್ ತಪ್ಸಿ?"

"ನೀನು ಕೆರೆ ಕಡೆ ಹೋಗಿ ದಿನವೆಲ್ಲ ಪೊದೆ ಒಳ್ಗೆ ಕುಂತಿದ್ಯಲ್ಲ, ಆವತ್ತು. ನಾನೇ ಅಲ್ವಾ ಕಲ್ಲಿಟ್ಟು ನಿನ್ನ ಕಳ್ಸಿದ್ದು? ನಮ್ಮ ಅಳೀಮಯ್ಯ, ಅವನ ತಮ್ಮ, ಎಲ್ಲ ಸೇರಿ ಬಿದಿರು ಗಳ ಕಟ್ಟಿ ಹೊತ್ತೋ."

ಮೈಯೆಲ್ಲ ಉರಿಯಿತು. ಅಷ್ಟು ದೊಡ್ಡ ಕಲ್ಲು ನನ್ನ ಕಾಡಿನೊಳಗೆ ನಡೆದುಕೊಂಡು ಹೋಗಿದೆ, ನಾನು ಸೊಳ್ಳೆ ಹೊಡೆಯುತ್ತ ಪೊದೆಯಲ್ಲಿ ಕೂತಿದ್ದೇನೆ! "ಅದನ್ನ ಹೊರಗ್ ಹಾಕ್ಬೇಕಂತೆ," ಅಂದೆ.

ಅವನ ಸೂಜಿ ನಿಂತಿತು.

"ಹೊರಗೆ ಅಂದ್ರೆ ಎಲ್ಲಿಗೆ? ನೀನೇ ಹೇಳು. ಹೊಂಗೆಮರದ ಕೆಳಗೆ ನಮ್ಮಪ್ಪ, ನಮ್ ತಾತ ಎಲ್ಲ ಅದುಕ್ಕೇ ಮೊದ್ಲ ಉಣ್ಣೆ ಕೊಟ್ಟಿದ್ದು. ಅಣ್ಣತಮ್ಮಂದ್ರು ಆ ಜಮೀನು ಮಾರ್ಕೊಂಡ್ರು. ಜೆಸಿಬಿ ಬಂತು. ಮರ ಹೋಯ್ತು. ಟಗರಪ್ಪನ್ನ ತಳ್ಳಿ ಚರಂಡಿಗೆ ಹಾಕಿದ್ರು, ಮಕಾಡೆ. ನಾನ್ ಹೋಗಿ ನೋಡ್ದಾಗ ಮಕಾಡೆ ಬಿದ್ದಿದ್ದ ಕಣೋ."

"ಮನೇಲಿಟ್ಕೊ."

"ಸೂರಿನ್ ಕೆಳಗೆ ಇರೋ ದೇವ್ರಲ್ಲ ಅವ್ನು. ಆಕಾಶ ಕಾಣ್ಬೇಕು, ಮೇವು ಕಾಣ್ಬೇಕು. ಗೋಮಾಳ ಅಂತ ಇತ್ತು, ಅದೂ ಹೋಯ್ತು. ಇವತ್ತು ಎಲ್ಲಿಟ್ರೂ ನಾಳೆ ಅಲ್ಲಿ ಸೈಟು. ಇಡೀ ಸೀಮೇಲಿ ಯಾರೂ ಕೈ ಹಾಕ್ದೇ ಇರೋ ಜಾಗ ಒಂದೇ ಒಂದು. ಯಾಕೇಂದ್ರೆ ಅದನ್ನ ಕಾಯೋನು ನೀನು. ಒಂದ್ ಕಡ್ಡಿ ಮುರಿಯಕ್ ಬಿಡ್ಲಿಲ್ಲ ನನ್ನ, ಇಷ್ಟು ವರ್ಷ. ನನ್ನನ್ನೇ ಬಿಡ್ದೋನು ಇನ್ಯಾರನ್ ಬಿಡ್ತಾನೆ ಅಂತ ನಿನ್ ಹತ್ರ ಇಟ್ಟೆ."

ನನ್ನನ್ನು ಹೊಗಳಿದವರು ಬಹಳ ಜನವಿಲ್ಲ. ಹೊಗಳಿದ ಅರ್ಧ ಜನ ಕಲ್ಲನ್ನು ನೋಡಿ ನಾನೆಂದುಕೊಂಡವರು. ಮುನಿಯಪ್ಪನ ಬೀಡಿ ಕಿತ್ತುಕೊಂಡು ನಾನೇ ಸೇದಿದೆ. ಸೇದಿ ಮುಗಿಸುವ ಹೊತ್ತಿಗೆ ದಾರಿ ಹೊಳೆದಿತ್ತು. ನನ್ನ ತಲೆ ಅಂದರೆ ತಲೆ!

ಕಾಡಿನ ಅಂಚಿನಲ್ಲಿ ಒಂದು ಗಡಿಗುಪ್ಪೆ ಪೂರಾ ಕುಸಿದಿತ್ತು. ಆ ವರ್ಷ ಅದನ್ನು ಬುಡದಿಂದ ಕಟ್ಟಬೇಕಿತ್ತು. ಸರ್ಕಾರದ ಗುಪ್ಪೆ, ಯಾರಾದರೂ ಕಿತ್ತರೆ ಕೇಸು. ಕಾಡಿನ ಒಳಗೂ ಅಲ್ಲ, ಊರಿನ ಹೊಲವೂ ಅಲ್ಲ. ಟಗರಪ್ಪ ಹೊರಗೆ ಹೋದ ಹಾಗೂ ಆಯಿತು, ಇದ್ದ ಹಾಗೂ ಆಯಿತು. ಮುನಿಯಪ್ಪನೂ ಕಾಡಿಗೆ ಕಾಲಿಡದೆ ಹೊರಗಿನಿಂದಲೇ ಬಂದು ಕೈ ಮುಗಿಯಬಹುದು.

ಅಳಿಯ, ಅವನ ತಮ್ಮ ಎಲ್ಲ ಸೇರಿ ಮತ್ತೆ ಗಳ ಕಟ್ಟಿ ಹೊತ್ತು ತಂದರು. ಈ ಸಲ ನನ್ನ ಎದುರಿಗೇ. ನಾನೂ ಮುನಿಯಪ್ಪನೂ ಸೇರಿ ಗುಪ್ಪೆ ಕಟ್ಟಿದೆವು. ಟಗರನ್ನು ಮೇಲಿನ ಸಾಲಿನಲ್ಲಿ, ಮೂತಿ ಹೊಲದ ಕಡೆಗಿರುವಂತೆ ಕೂರಿಸಿದೆವು. ನಾನು ಸುಣ್ಣ ಅದ್ದಿದಾಗ ಅವನು ಕೈ ಹಿಡಿದ.

"ಮೂತಿಗೂ ಬಳಿತೀಯೇನ್ಲಾ?"

"ಸರ್ಕಾರಿ ಅಭಿಷೇಕ ಅಂದ್ಕೊ. ವರ್ಷಾ ವರ್ಷ ತಪ್ದೇ ನಡೀತದೆ, ಖರ್ಚು ನಿಂದಲ್ಲ."

ಸಾಹೇಬರು ಬಂದರು. ಗುಪ್ಪೆಯ ಸುತ್ತ ಒಂದು ಸುತ್ತು ಹಾಕಿದರು. ಬೆರಳಿನಿಂದ ಸುಣ್ಣದ ಮೇಲೆ ಸವರುತ್ತ ಹೋದರು. ಬೆರಳು ಕೊಂಬಿನ ಸುರುಳಿಗೆ ಸಿಕ್ಕಿ, ಸುರುಳಿಯ ಜೊತೆಗೇ ತಿರುಗಿ, ನಿಂತಿತು.

"ಭಾಳ ಗಟ್ಟಿ ಕಟ್ಟೀಯಲ್ಲ."

"ಹೌದು ಸಾರ್."

"ಮಾರಿ ಯಾ ಕಡೆ ಐತಿ?"

"ಮೂತಿ ಹೊರಗಡೆ ಸಾರ್."

"ಹೊರಗೇ ಇರ್ಲಿ. ಕುರಿ ಒಳಗ ಬರೂದು ಬ್ಯಾಡ ಅಂತ ಹೇಳು ಆ ಕುರಿ ಕಾಯಾಂವಗ. ಸುಣ್ಣ ಇನ್ನೊಂದ್ ಕೈ ಹೊಡಿ, ತೆಳ್ಳಗಾಗೇತಿ."

ಇಷ್ಟು ಹೇಳಿ ಜೀಪು ಹತ್ತಿದರು. ಮೇಲಧಿಕಾರಿ ಹೇಗಿರಬೇಕು ಎಂದು ನೀವು ಕೇಳಿದರೆ, ನಾನು ಆ ಬೆರಳನ್ನು ತೋರಿಸುತ್ತೇನೆ.

ಯಾವ ನಂಬರಿನ ಗುಪ್ಪೆ ಎಂದು ಮಾತ್ರ ಕೇಳಬೇಡಿ. ಹೇಳುವುದಿಲ್ಲ. ಅಷ್ಟೂ ಗುಪ್ಪೆಗಳನ್ನು ಸವರಿ ನೋಡುವ ಹುರುಪಿದ್ದರೆ ನೋಡಿ, ಆ ನೆಪದಲ್ಲಾದರೂ ಗಡಿ ಸುತ್ತಿದ ಹಾಗಾಗುತ್ತದೆ.

ನನಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಮುನಿಯಪ್ಪ ಕೊಟ್ಟ ಮಾತಿಗೆ ನಿಲ್ಲುವವನು. ಸಾಹೇಬರ ಮಾತು ಮುಟ್ಟಿಸಿದಾಗ ಇನ್ನು ಒಳಗೆ ಬರಲ್ಲ ಎಂದವನು ಬರಲೇ ಇಲ್ಲ. ಕವಲುದಾರಿಯ ಕಲ್ಲುಗಳು ಇದ್ದಲ್ಲೇ ಉಳಿದವು. ಮೊದಲ ಕೆಲವು ದಿನ ಗೆದ್ದೆ ಎಂದು ಮೀಸೆ ತಿರುವಿದೆ. ಆಮೇಲೆ ಗುಡ್ಡ ಬರೀ ಗುಡ್ಡವಾಯಿತು. ಬೆಳಿಗ್ಗೆ ಹೋಗಿ ಕವಲಿನಲ್ಲಿ ನಿಂತು ನೋಡುತ್ತಿದ್ದೆ, ಗುಂಡುಕಲ್ಲಿನ ಮೇಲೆ ಜೇಡ ಬಲೆ ಕಟ್ಟಿರುತ್ತಿತ್ತು. ಕೊನೆಗೆ ನಾನೇ ಇಡಲು ಶುರುಮಾಡಿದೆ. ಮೇಲೆ ಹೋಗುವಾಗ ಕಲ್ಲು ಮೇಲಿಟ್ಟು ಹೋಗುತ್ತಿದ್ದೆ. ಮನೆಗೆ ಹೊರಟಾಗ ಬೋರಲು ಹಾಕುತ್ತಿದ್ದೆ. ಹೆಂಡತಿ ತವರಿಗೆ ಹೋದಾಗ ಉದ್ದನೆ ಕಲ್ಲು ಹುಡುಕಿ ಮಲಗಿಸಿದೆ. ಓದುವವರು ಯಾರೂ ಇರಲಿಲ್ಲ. ನನ್ನ ಸರ್ವಿಸಿನ ಕೊನೆಯ ದಿನಗಳು ಹಾಗೆ ಕಳೆದವು. ಕಳ್ಳನಿಲ್ಲದ ಕಾವಲು ಎಷ್ಟು ಸಪ್ಪೆ ಎಂದು ನಿಮಗೆ ಯಾವ ಪುಸ್ತಕವೂ ಹೇಳುವುದಿಲ್ಲ.

ಈಗ ಮುನಿಯಪ್ಪನ ಮಂಡಿ ಹೋಗಿದೆ. ಕುರಿ ಮಾರಿ, ಇಲ್ಲೇ ನಮ್ಮ ಕಡೆಯ ವಿಜಯಪುರದಲ್ಲಿ ಮಗಳ ಮನೆಯಲ್ಲಿದ್ದಾನೆ. ಗೋಡೆಯಾಚೆ ರೇಷ್ಮೆ ಹುರಿ ಮಾಡುವ ಮಿಷನ್ನು ಹಗಲೆಲ್ಲ ಗುಂಯ್‌ಗುಡುತ್ತಿರುತ್ತದೆ. ಅವನು ಜಗುಲಿಯಲ್ಲಿ ಕೂತಿರುತ್ತಾನೆ. ನಾನು ಆಗಾಗ ಬಸ್ಸು ಹಿಡಿದು ಹೋಗುತ್ತೇನೆ. ಪ್ರತಿ ಸಲವೂ ಒಂದೇ ಪ್ರಶ್ನೆ. "ಹೆಂಗವ್ನೆ ನಮ್ ಟಗರಪ್ಪ? ಹೋಗಿದ್ಯಾ ಆ ಕಡೆ?" ಅದಕ್ಕೆ ಈಚೆಗೆ, ದೀಪಾವಳಿ ಆದ ಮೇಲೆ, ನಾನು ಅಲ್ಲಿಗೆ ಹೋಗಿ ಬಂದೆ.

ಹೊರಗಿನ ದಾರಿಯಿಂದಲೇ ಹೋದೆ. ಸುಣ್ಣ ಹೊಸದಾಗಿತ್ತು, ನಂಬರು ದಪ್ಪಗೆ ಬರೆದಿದ್ದರು. ಮುಟ್ಟಬೇಕೆಂದು ಕೈ ಚಾಚಿದ್ದೆ, ಅಷ್ಟರಲ್ಲಿ ಪಕ್ಕದ ಗಿಡಗಳ ಹಿಂದಿನಿಂದ ಒಂದು ಹುಡುಗಿ ಎದ್ದಳು. ಖಾಕಿ, ಬೂಟು, ಕೈಯಲ್ಲಿ ಮೊಬೈಲು.

"ಓಯ್ ತಾತ! ಮುಟ್ಬೇಡಿ ಅದನ್ನ. ಗೌರ್ಮೆಂಟ್ ಕಲ್ಲು ಅದು. ದೂರ ನಿಂತ್ಕೊಳಿ."

ನಾನು ಯಾರೆಂದು ಹೇಳಲು ಬಾಯಿ ತುರಿಸಿತು. ಜೀವಮಾನದಲ್ಲಿ ಜಂಭ ಕೊಚ್ಚುವ ಅವಕಾಶವನ್ನು ನಾನು ಬಿಟ್ಟದ್ದು ಅದೊಂದೇ ಸಲ. "ಆಯ್ತು ಕಣಮ್ಮ," ಎಂದು ಹಿಂದೆ ಸರಿದೆ. ಟಗರಪ್ಪ ನೋಡುತ್ತಿರುವ ಕಡೆಗೆ ನಾನೂ ತಿರುಗಿ ನೋಡಿದೆ. ಹೊಲವಿರಲಿಲ್ಲ. ಕಣ್ಣು ಹಾಯುವವರೆಗೂ ಸೈಟಿಗೆ ನೆಟ್ಟ ಕಲ್ಲುಗಳು, ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ. ಒಂದು ಹುಲ್ಲುಕಡ್ಡಿ ಇರಲಿಲ್ಲ.

ಮಾರನೆಯ ದಿನವೇ ವಿಜಯಪುರಕ್ಕೆ ಹೋದೆ.

"ಮುಟ್ಟಿ ಬಂದ್ಯಾ?" ಅಂದ ಮುನಿಯಪ್ಪ.

"ಎಲ್ಲಿ ಮುಟ್ಟದು? ಹೊಸ ಗಾರ್ಡು, ಹೆಣ್ಮಗಳು, ಗದರಿ ಓಡಿಸ್ಬುಟ್ಳು."

"ನಿನ್ನಾ? ನಿನ್ನನ್ನೇ ಓಡಿಸ್ಬುಟ್ಳಾ?" ಕೆಮ್ಮು ಬರುವವರೆಗೂ ನಕ್ಕ. ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡ. "ಹಂಗಾರೆ ಭದ್ರವಾಗವ್ನೆ ಬಿಡು."

ಮಂಡಿ ನೀವಿಕೊಂಡ. ಮಿಷನ್ನು ಗುಂಯ್‌ಗುಡುತ್ತಿತ್ತು.

"ಎದುರುಗಡೆ ಕುರಿ ಇದ್ವಾ? ಅವನ ಕಣ್ಣಿಗೆ?"

"ಇದ್ವು ಕಣೋ," ಅಂದೆ. "ಒಂದ್ ಮಂದೆ. ಮರಿಗಳೂ ಇದ್ವು."

"ಯಾರವು?"

ಆ ಸೀಮೆಯ ಒಂದೊಂದು ಮಂದೆಯೂ ಅವನಿಗೆ ಗೊತ್ತು. "ದೂರ ಇತ್ತು, ಕಾಣ್ಲಿಲ್ಲ. ಮುಂದೆ ಒಂದು ಕರೀ ಟಗರು ಇತ್ತು."

ನನ್ನ ಮುಖವನ್ನೇ ನೋಡಿದ. ಅಷ್ಟು ವರ್ಷದಲ್ಲಿ ನನ್ನ ಸುಳ್ಳು ಅವನ ಹತ್ತಿರ ನಡೆದದ್ದು ಬಹಳ ಕಡಿಮೆ. ಆವತ್ತೂ ನಡೆಯಲಿಲ್ಲ ಎಂದು ಕಣ್ಣು ನೋಡಿದರೇ ತಿಳಿಯುತ್ತಿತ್ತು. ನಿಧಾನವಾಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

"ಮೇಯ್ಲಿ ಬಿಡು ಗಾರ್ಡಪ್ಪ," ಅಂದ. "ಅಟ್ಟಬ್ಯಾಡ."